ತಲೆಗೆ ಬಿದ್ದ ಪೆಟ್ಟಿಗೆ ಲೆಕ್ಕ ಹಾಕಿದ್ದು ಹೇಗೆ: 12 ವರ್ಷದ ಹುಡುಗಿಯೊಬ್ಬಳ ಪ್ರಕರಣ

"ಎಷ್ಟು ಬರುತ್ತೆ ಸರ್?"

ಅಪಘಾತದ ಕೇಸ್ ಹಿಡಿದುಕೊಂಡು ವಕೀಲರ ಆಫೀಸಿಗೆ ಬರುವವರು ಕೂತ ಐದು ನಿಮಿಷಕ್ಕೆ ಕೇಳುವ ಪ್ರಶ್ನೆ ಇದು. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲರೊಬ್ಬರ ಹತ್ತಿರ ಕೆಲಸ ಮಾಡುತ್ತೇನೆ. ಎಂವಿಸಿ ಕೇಸುಗಳ, ಅಂದರೆ ವಾಹನ ಅಪಘಾತದ ಪರಿಹಾರದ ಕೇಸುಗಳ, ಫೈಲ್ ಕಟ್ಟುವುದು, ಆಸ್ಪತ್ರೆ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸುವುದು, ಡಾಕ್ಟರ್ ಸಾಕ್ಷಿಗೆ ಓಡಾಡುವುದು ನನ್ನ ಕೆಲಸ. ಕಾಲು ಮುರಿದವರ ಕೇಸಾದರೆ ಅಂದಾಜಿಗೆ ಏನಾದರೂ ಹೇಳಬಹುದು. ತಲೆಗೆ ಪೆಟ್ಟಾದವರ ಕೇಸಿನಲ್ಲಿ ಹೇಳಲು ಬಾಯಿ ಬರುವುದಿಲ್ಲ. ಆರು ತಿಂಗಳಲ್ಲಿ ಹೊಲಿಗೆ ಹಾಕಿದ ಜಾಗದ ಮೇಲೆ ಕೂದಲು ಬೆಳೆದುಬಿಡುತ್ತದೆ. ನೋಡಿದವರು "ಚೆನ್ನಾಗೇ ಇದ್ದಾನಲ್ಲ" ಅನ್ನುತ್ತಾರೆ. ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು, ಮತ್ತು ಅದು ಕೋರ್ಟಿನ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಅದಕ್ಕೇ ಇಂಥವರು ಬಂದಾಗ ನಾನು ಒಂದು ತೀರ್ಪಿನ ವಿಷಯ ಹೇಳುತ್ತೇನೆ. 2020ರ ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಕೊಟ್ಟದ್ದು. ಅದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

2007ರ ಅಕ್ಟೋಬರ್ 18. ಹರಿಯಾಣ. 12 ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಳು. ಅಜಾಗರೂಕತೆಯಿಂದ ಓಡಿಸಿಕೊಂಡು ಬಂದ ಲಾರಿ ಟ್ರ್ಯಾಕ್ಟರಿಗೆ ಗುದ್ದಿತು. ಹುಡುಗಿಯ ಮಿದುಳಿಗೆ ಪೆಟ್ಟು ಬಿತ್ತು. ಘಟನೆ ಇಷ್ಟೇ. ನಮ್ಮ ಕಡೆಯೂ ಜಾತ್ರೆಗೆ, ಮದುವೆಗೆ, ಕೂಲಿಗೆ ಅಂತ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮನೆಮಂದಿಯೆಲ್ಲ ಹೋಗುವುದನ್ನು ದಿನಾ ನೋಡುತ್ತೇವಲ್ಲ, ಹಾಗೇ.

ಎಷ್ಟು ಹಾನಿಯಾಗಿದೆ ಎಂದು ನೋಡಲು ಅವಳನ್ನು ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಬಂದದ್ದು ಓದಿದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಬುದ್ಧಿಶಕ್ತಿ ಅವಳ ವಯಸ್ಸಿನ ಮಗುವಿಗೆ ಇರಬೇಕಾದ್ದರಲ್ಲಿ ಶೇ. 20ಕ್ಕೂ ಕಡಿಮೆ. ಎರಡೂ ಕೈ, ಎರಡೂ ಕಾಲಿನಲ್ಲಿ ಬಲವಿಲ್ಲ. ತೀವ್ರ ಹಿಸ್ಟೀರಿಯಾ. ಮೂತ್ರದ ಮೇಲೆ ಹಿಡಿತವಿಲ್ಲ. ಸಾಮಾಜಿಕ ವಯಸ್ಸು, ಅಂದರೆ ಸುತ್ತಲಿನವರ ಜೊತೆ ಬೆರೆಯುವ, ಅರ್ಥ ಮಾಡಿಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಒಂಬತ್ತು ತಿಂಗಳ ಮಗುವಿನದು. ಅಂಗವೈಕಲ್ಯ ಶೇ. 100.

ಒಂಬತ್ತು ತಿಂಗಳ ಮಗು ಅಂದರೆ ಇನ್ನೂ ಅಂಬೆಗಾಲಿಡುವ ಕೂಸು. ಆ ಮನಸ್ಸು ಅಲ್ಲೇ ನಿಂತುಬಿಟ್ಟಿತು, ಮೈ ಮಾತ್ರ ಬೆಳೆಯುತ್ತಾ ಹೋಯಿತು. ನ್ಯಾಯಮೂರ್ತಿಗಳು ಇದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ: ಹಾಸಿಗೆಯಲ್ಲಿ ಮಲಗಿದ್ದಲ್ಲೇ ಅವಳು ಹೆಂಗಸಾಗುತ್ತಾಳೆ, ಮುಟ್ಟಾಗುತ್ತಾಳೆ, ಆದರೆ ತನಗೆ ಏನಾಗುತ್ತಿದೆ ಅನ್ನುವುದು ಅವಳಿಗೆ ತಿಳಿಯುವುದಿಲ್ಲ.

ಕೇಸಿನ ದುಡ್ಡಿನ ವಿಷಯಕ್ಕೆ ಹೋಗುವ ಮುಂಚೆ ತಲೆಪೆಟ್ಟಿನ ಬಗೆಗಳನ್ನು ಸ್ವಲ್ಪ ಹೇಳಿಬಿಡುತ್ತೇನೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುವ ಪದ ಏನು ಅಂತ ಗೊತ್ತಿಲ್ಲದೆ ಎಷ್ಟೋ ಜನ ಸಹಿ ಹಾಕಿ ಮನೆಗೆ ಬರುತ್ತಾರೆ.

ಹೊರಗಿನಿಂದ ಒಳಕ್ಕೆ ಹೋಗೋಣ. ಮೊದಲು ನೆತ್ತಿಯ ಚರ್ಮ. ಇಲ್ಲಿ ಸಣ್ಣ ಗಾಯಕ್ಕೂ ರಕ್ತ ಧಾರಾಕಾರ ಹರಿಯುತ್ತದೆ, ನೋಡಿದವರು ಗಾಬರಿಯಾಗುತ್ತಾರೆ, ಆದರೆ ಬರೀ ಚರ್ಮದ ಗಾಯ ಬೇಗ ವಾಸಿಯಾಗುತ್ತದೆ. ಅದರ ಕೆಳಗೆ ಬುರುಡೆ. ಬರೀ ಸೀಳು ಬಿಟ್ಟಿರಬಹುದು, ಅಥವಾ ಮೂಳೆಯ ಚೂರು ಒಳಕ್ಕೆ ಕುಸಿದು ಮಿದುಳನ್ನು ಒತ್ತಬಹುದು. ಬುರುಡೆಯ ಬುಡದಲ್ಲಿ ಮುರಿದರೆ ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥ ದ್ರವ ಸೋರುತ್ತದೆ, ಕಣ್ಣಿನ ಸುತ್ತ ಕಪ್ಪಾಗುತ್ತದೆ. ಅದನ್ನು ನೆಗಡಿ ಅಂದುಕೊಂಡು ಬಿಟ್ಟವರಿದ್ದಾರೆ.

ಇನ್ನೂ ಒಳಗೆ, ಬುರುಡೆಗೂ ಮಿದುಳಿಗೂ ನಡುವೆ ರಕ್ತ ಕಟ್ಟಿಕೊಳ್ಳುವುದು. ಇದರಲ್ಲಿ ಎರಡು ಹೆಸರು ಕಿವಿಗೆ ಬೀಳುತ್ತವೆ. ಎಕ್ಸ್‌ಟ್ರಾಡ್ಯೂರಲ್ ಹೆಮಟೋಮಾದಲ್ಲಿ ಬಿದ್ದವನು ಎದ್ದು ಕೂತು, ನೀರು ಕುಡಿದು, "ಏನಾಗಿಲ್ಲ ಬಿಡಿ" ಅಂತ ಮಾತಾಡಿ, ಕೆಲವು ಗಂಟೆಯಲ್ಲಿ ಪ್ರಜ್ಞೆ ತಪ್ಪಿ ಬೀಳಬಹುದು. ಸಬ್‌ಡ್ಯೂರಲ್‌ನಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ರಕ್ತ ನಿಧಾನಕ್ಕೆ ಜಿನುಗಿ ಎರಡು ಮೂರು ವಾರದ ಮೇಲೆ ತಲೆನೋವು, ಮರೆವು, ನಡಿಗೆಯಲ್ಲಿ ತೂರಾಟ ಶುರುವಾಗುತ್ತದೆ. ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದದ್ದು ಅಷ್ಟು ಹೊತ್ತಿಗೆ ಎಲ್ಲರಿಗೂ ಮರೆತಿರುತ್ತದೆ.

ಕೊನೆಗೆ ಮಿದುಳು. ಒಂದು ಕಡೆ ಜಜ್ಜಿ ಹೋಗಿರುವುದು ಕಂಟ್ಯೂಷನ್. ಜೋರಾಗಿ ಅಲುಗಾಡಿ ಸ್ವಲ್ಪ ಹೊತ್ತು ಮಂಕಾಗುವುದು ಕನ್‌ಕಷನ್. ಇವೆಲ್ಲಕ್ಕಿಂತ ಕೆಟ್ಟದ್ದು ಡಿಫ್ಯೂಸ್ ಆಕ್ಸಾನಲ್ ಇಂಜುರಿ. ವೇಗದಲ್ಲಿ ತಲೆ ತಿರುಚಿದಾಗ ಮಿದುಳಿನ ಒಳಗಿನ ನರದ ಎಳೆಗಳೇ ಜಗ್ಗಿ ಹರಿಯುತ್ತವೆ. ಸಿಟಿ ಸ್ಕ್ಯಾನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣದೇ ಇರಬಹುದು, ಆದರೆ ಮನುಷ್ಯ ಕಣ್ಣು ಬಿಡುವುದಿಲ್ಲ.

ಡಾಕ್ಟರುಗಳು ಇದನ್ನೆಲ್ಲ ಅಳೆಯಲು ಜಿಸಿಎಸ್ ಅನ್ನುವ ಅಂಕ ಬರೆಯುತ್ತಾರೆ. 1974ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಪದ್ಧತಿ. ಕಣ್ಣು, ಮಾತು, ಕೈಕಾಲಿನ ಚಲನೆ ನೋಡಿ 3ರಿಂದ 15ರ ತನಕ ಅಂಕ ಕೊಡುತ್ತಾರೆ. 13ರಿಂದ 15 ಬಂದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ಗಂಭೀರ. ಆಸ್ಪತ್ರೆಗೆ ಸೇರಿಸಿದ ಮೊದಲ ದಿನದ ಚೀಟಿಯಲ್ಲಿ ಈ ಅಂಕ ಇರುತ್ತದೆ. ಆ ಚೀಟಿಯನ್ನು ದಯವಿಟ್ಟು ಎಸೆಯಬೇಡಿ, ಮುಂದೆ ಕೇಸು ನಡೆಯುವಾಗ ಪೆಟ್ಟಿಗೂ ಈಗಿನ ತೊಂದರೆಗೂ ಇರುವ ಸಂಬಂಧವನ್ನು ಅದೇ ಹೇಳುತ್ತದೆ.

ಆದರೆ ಒಂದು ಮಾತು. ಪೆಟ್ಟಿನ ಹೆಸರು ಚಿಕಿತ್ಸೆಗೆ ಮುಖ್ಯ. ಪರಿಹಾರದ ಲೆಕ್ಕಕ್ಕೆ ಮುಖ್ಯವಾಗುವುದು ಆ ಪೆಟ್ಟು ಏನನ್ನು ಉಳಿಸಿದೆ, ಏನನ್ನು ಕಿತ್ತುಕೊಂಡಿದೆ ಅನ್ನುವುದು. ಹರಿಯಾಣದ ಹುಡುಗಿಯ ಕೇಸು ಮೂರು ಕೋರ್ಟು ಹತ್ತಿ ಇಳಿದದ್ದು ಇದೇ ವಿಷಯಕ್ಕೆ.

ಅಪಘಾತ ಪರಿಹಾರ ನ್ಯಾಯಮಂಡಳಿ ಮೊದಲು ಕೊಟ್ಟದ್ದು 11,08,501 ರೂಪಾಯಿ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು 25,78,501ಕ್ಕೆ ಏರಿಸಿತು. ಸುಪ್ರೀಂ ಕೋರ್ಟ್ 62,27,000 ಮಾಡಿತು, ಜೊತೆಗೆ ಅರ್ಜಿ ಹಾಕಿದ ದಿನದಿಂದ ವರ್ಷಕ್ಕೆ ಶೇ. 7.5 ಬಡ್ಡಿ. ಅದೇ ಹುಡುಗಿ, ಅದೇ ಅಪಘಾತ, ಅದೇ ಶೇ. 100 ಅಂಗವೈಕಲ್ಯ. ಹಾಗಾದರೆ 11 ಲಕ್ಷಕ್ಕೂ 62 ಲಕ್ಷಕ್ಕೂ ವ್ಯತ್ಯಾಸ ಬಂದದ್ದು ಎಲ್ಲಿಂದ?

ಮೊದಲನೆಯದು ದುಡಿಮೆ. ಮಗು ದುಡಿಯುತ್ತಿರಲಿಲ್ಲ, ಹಾಗಾಗಿ ವರ್ಷಕ್ಕೆ 15,000 ರೂಪಾಯಿ ಆದಾಯ ಅಂತ ಇಟ್ಟುಕೊಂಡರು ಕೆಳಗಿನ ಎರಡೂ ಕೋರ್ಟಿನವರು. ಈ 15,000 ಬಂದದ್ದು ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಎರಡನೇ ಅನುಸೂಚಿಯಿಂದ. ತಿಂಗಳಿಗೆ 1,250 ಆಯಿತು. 1994ರ ಅಂಕಿಯನ್ನು 2007ರ ಮಗುವಿನ ಇಡೀ ಮುಂದಿನ ಬದುಕಿಗೆ ಹಚ್ಚುವುದು ಸರಿಯಾ? ಸುಪ್ರೀಂ ಕೋರ್ಟ್ ಇದು ಸರಿಯಲ್ಲ ಅಂತ ಖಂಡಿತವಾಗಿ ಹೇಳಿತು. ಹುಡುಗಿ ಓದಿ ದೊಡ್ಡವಳಾಗಿದ್ದರೆ ಕನಿಷ್ಠ ಒಬ್ಬ ಕುಶಲ ಕಾರ್ಮಿಕನಷ್ಟಾದರೂ ದುಡಿಯುತ್ತಿದ್ದಳು, ಅವರ ಕನಿಷ್ಠ ಕೂಲಿ ತಿಂಗಳಿಗೆ 4,846 ರೂಪಾಯಿ, ಅದನ್ನೇ ತೆಗೆದುಕೊಳ್ಳೋಣ ಅಂದಿತು. ಮುಂದೆ ಸಂಬಳ ಏರುತ್ತದಲ್ಲ, ಅದಕ್ಕೆ ಶೇ. 40 ಸೇರಿಸಿದರು. ತಿಂಗಳಿಗೆ 6,784 ರೂಪಾಯಿ 40 ಪೈಸೆ ಆಯಿತು. ವರ್ಷಕ್ಕೆ 81,412 ರೂಪಾಯಿ 80 ಪೈಸೆ. ಅದನ್ನು 18ರಿಂದ ಗುಣಿಸಿ 14,66,000ಕ್ಕೆ ಸರಿಮಾಡಿದರು.

ಈ 18 ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಗುಣಕ ಪದ್ಧತಿ ಅನ್ನುತ್ತಾರೆ. ವರ್ಷದ ನಷ್ಟವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುವುದು. ಬದುಕುವ ವರ್ಷಗಳಷ್ಟೇ ಗುಣಿಸುವುದಿಲ್ಲ, ಯಾಕೆಂದರೆ ದುಡ್ಡು ಒಟ್ಟಿಗೇ ಕೈಗೆ ಬರುತ್ತದೆ, ಅದಕ್ಕೆ ಬಡ್ಡಿ ಬರುತ್ತದೆ, ಬದುಕಿಗೆ ಗ್ಯಾರಂಟಿ ಇಲ್ಲ, ಬೆಲೆಯೂ ಏರುತ್ತದೆ, ಇದೆಲ್ಲವನ್ನೂ ಸೇರಿಸಿ ತೂಗಿದ ಅಂಕಿ ಅದು. 15ರಿಂದ 25 ವಯಸ್ಸಿಗೆ 18, ಆಮೇಲೆ ವಯಸ್ಸು ಏರಿದ ಹಾಗೆ ಇಳಿಯುತ್ತಾ 66ರಿಂದ 70ಕ್ಕೆ 5. 12 ವರ್ಷದ ಈ ಹುಡುಗಿಗೂ ಆ 18ನ್ನೇ ಹಚ್ಚಿದರು. ಈ ಪಟ್ಟಿಯನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದು ಮೇಲೆ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್.

ಎರಡನೆಯದು ನೋಡಿಕೊಳ್ಳುವವರ ಖರ್ಚು. ನನ್ನ ಮಟ್ಟಿಗೆ ಈ ತೀರ್ಪಿನ ಜೀವ ಇಲ್ಲೇ ಇದೆ.

ಹೈಕೋರ್ಟ್ ತಿಂಗಳಿಗೆ 2,500 ರೂಪಾಯಿಯ ಹಾಗೆ 44 ವರ್ಷಕ್ಕೆ ಲೆಕ್ಕ ಹಾಕಿ 13,20,000 ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಈ ದಾರಿಯೇ ಸರಿಯಿಲ್ಲ, ನೋಡಿಕೊಳ್ಳುವವರ ಖರ್ಚಿಗೂ ಗುಣಕವನ್ನೇ ಹಚ್ಚಬೇಕು ಅಂದಿತು. ಮತ್ತು ಒಬ್ಬರಲ್ಲ, ಇಬ್ಬರು ಬೇಕು ಅಂದಿತು. ಒಬ್ಬರಿಗೆ ತಿಂಗಳಿಗೆ 5,000, ಇಬ್ಬರಿಗೆ 10,000, ವರ್ಷಕ್ಕೆ 1,20,000, ಗುಣಿಸು 18, ಒಟ್ಟು 21,60,000. ಗಮನಿಸಿ, ಇಡೀ ಪರಿಹಾರದಲ್ಲಿ ಅತಿ ದೊಡ್ಡ ಮೊತ್ತ ಇದೇ. ದುಡಿಮೆಯ ನಷ್ಟಕ್ಕಿಂತಲೂ ಜಾಸ್ತಿ.

ಇಬ್ಬರು ಯಾಕೆ ಅನ್ನುವುದು ಅಂಥ ಮನೆಗೆ ಒಮ್ಮೆ ಹೋದವರಿಗೆ ಗೊತ್ತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಅಂದರೆ ರಾತ್ರಿ ಹನ್ನೆರಡಕ್ಕೂ, ಎರಡಕ್ಕೂ, ನಾಲ್ಕಕ್ಕೂ. ಅನ್ನವನ್ನು ಮೆತ್ತಗೆ ಕಲಸಿ, ತಲೆ ಎತ್ತಿ ಹಿಡಿದು, ಗಂಟಲಿಗೆ ಸಿಕ್ಕದ ಹಾಗೆ ಒಂದೊಂದೇ ತುತ್ತು ಕೊಡಬೇಕು. ಬಟ್ಟೆ ಒದ್ದೆಯಾದರೆ ಆಗಲೇ ಬದಲಿಸಬೇಕು. 12 ವರ್ಷದ ಹುಡುಗಿಯನ್ನು ಅಮ್ಮ ಒಬ್ಬಳೇ ಎತ್ತಬಹುದು. 24 ವರ್ಷದವಳನ್ನು ಎತ್ತುವುದು ಹೇಗೆ? ತೀರ್ಪು ಬಂದ ಹೊತ್ತಿಗೆ ಆ ಹುಡುಗಿಗೆ ಹೆಚ್ಚುಕಡಿಮೆ ಅಷ್ಟು ವಯಸ್ಸಾಗಿತ್ತು, ಅಮ್ಮನಿಗೂ ಅಷ್ಟೇ ವರ್ಷ ಸೇರಿತ್ತು.

ನಮ್ಮಲ್ಲಿ ಇದನ್ನು ಖರ್ಚು ಅಂತ ಯಾರೂ ಬರೆಸುವುದೇ ಇಲ್ಲ. "ಅಮ್ಮ ಮಾಡ್ತಾಳೆ", "ಹೆಂಡತಿ ನೋಡ್ಕೋತಾಳೆ" ಅಂತ ಬಿಟ್ಟುಬಿಡುತ್ತಾರೆ. ಅವಳು ಗಾರ್ಮೆಂಟ್ಸ್ ಕೆಲಸ ಬಿಟ್ಟಿರುತ್ತಾಳೆ, ಹೊಲಕ್ಕೆ ಹೋಗುವುದು ನಿಲ್ಲಿಸಿರುತ್ತಾಳೆ, ಹಾಲಿನ ಡೈರಿಗೆ ಹಾಕುತ್ತಿದ್ದ ಎಮ್ಮೆ ಮಾರಿರುತ್ತಾಳೆ. ಅರ್ಜಿಯಲ್ಲಿ ಮಾತ್ರ ಅದರ ಸುಳಿವಿರುವುದಿಲ್ಲ. ನನಗೆ ಇದು ಸಹಿಸಲು ಆಗುವುದಿಲ್ಲ, ಹೇಳಿಬಿಡುತ್ತೇನೆ.

ಮೂರನೆಯದು ನೋವು ಮತ್ತು ಬದುಕಿನ ಸುಖದ ನಷ್ಟ. ಇಲ್ಲಿ ಕರ್ನಾಟಕದ ಒಂದು ಪ್ರಕರಣ ನಡುವೆ ಬರುತ್ತದೆ. 2013ರಲ್ಲಿ ನಮ್ಮ ರಾಜ್ಯದಿಂದ ಹೋದ ಬಾಲಕನೊಬ್ಬನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ ಮಕ್ಕಳಿಗೆ ಒಂದು ಅಳತೆ ಹಾಕಿಕೊಟ್ಟಿತ್ತು: ಅಂಗವೈಕಲ್ಯ ಶೇ. 10ರ ತನಕ ಇದ್ದರೆ 1 ಲಕ್ಷ, 30ರ ತನಕ 3 ಲಕ್ಷ, 60ರ ತನಕ 4, 90ರ ತನಕ 5, ಅದಕ್ಕೂ ಮೇಲಾದರೆ 6 ಲಕ್ಷ. ಈ ಅಳತೆಯ ಪ್ರಕಾರ ಹರಿಯಾಣದ ಹುಡುಗಿಗೆ ಕನಿಷ್ಠ 6 ಲಕ್ಷ ಆಗಬೇಕಿತ್ತು. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ದೀಪಕ್ ಗುಪ್ತಾ ಅವರ ಪೀಠ ಅಷ್ಟಕ್ಕೇ ನಿಲ್ಲಲಿಲ್ಲ. ಈ ಮಗು ಗೆಳತಿಯರ ಜೊತೆ ಆಡುವುದಿಲ್ಲ, ಮಾತಾಡುವುದಿಲ್ಲ, ಕಾರ್ಟೂನ್ ನೋಡಿ ನಗುವುದಕ್ಕೂ ಆಗುವುದಿಲ್ಲ, ಹರೆಯದ ಸಂಭ್ರಮವಿಲ್ಲ, ಮದುವೆ ಮಕ್ಕಳಿಲ್ಲ, ಮೊಮ್ಮಕ್ಕಳ ಮಾತಂತೂ ದೂರ ಅಂತ ಒಂದೊಂದಾಗಿ ಎಣಿಸಿ, ಇದಕ್ಕೆ ಎಷ್ಟು ಕೊಟ್ಟರೂ ಸಾಲದು, ಕನಿಷ್ಠ 15 ಲಕ್ಷವಾದರೂ ಕೊಡಬೇಕು ಅಂತ ಬರೆಯಿತು. ಕೋರ್ಟಿನ ಭಾಷೆಯಲ್ಲಿ ಕಾರ್ಟೂನ್ ಅನ್ನುವ ಪದ ಬರುವುದು ಅಪರೂಪ. ಯಾರೋ ಕುಳಿತು ಒಬ್ಬ ಮಗುವಿನ ದಿನ ಹೇಗಿರುತ್ತದೆ ಅಂತ ನಿಜವಾಗಿ ಯೋಚನೆ ಮಾಡಿದ್ದಾರೆ ಅನ್ನುವುದು ಆ ಒಂದು ಪದದಿಂದ ನನಗೆ ಗೊತ್ತಾಯಿತು.

ಉಳಿದದ್ದು ಬೇಗ ಹೇಳುತ್ತೇನೆ. ಮದುವೆಯ ಅವಕಾಶ ಹೋದದ್ದಕ್ಕೆ 3 ಲಕ್ಷ, ಮುಂದಿನ ಚಿಕಿತ್ಸೆಗೆ 5 ಲಕ್ಷ. ಮಿಕ್ಕ ಮೂರು ಲಕ್ಷ ಚಿಲ್ಲರೆ ಆಗಿಹೋದ ಚಿಕಿತ್ಸೆ, ಓಡಾಟ, ಆಸ್ಪತ್ರೆಯಲ್ಲಿ ಕೂತ ದಿನಗಳಲ್ಲಿ ಮನೆಯವರು ಕಳೆದುಕೊಂಡ ಕೂಲಿಗೆ ಸೇರಿದ್ದು.

ಈ ತೀರ್ಪನ್ನು ನಾನು ಮೆಚ್ಚುತ್ತೇನೆ, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಹಗಲು ರಾತ್ರಿ ನೋಡಿಕೊಳ್ಳುವ ಒಬ್ಬರಿಗೆ ತಿಂಗಳಿಗೆ 5,000 ಅಂದರೆ 2020ರಲ್ಲೂ ಕಡಿಮೆಯೇ, ಈಗಂತೂ ಬೆಂಗಳೂರಲ್ಲಿರಲಿ, ತಾಲೂಕು ಊರಲ್ಲೂ ಆ ದುಡ್ಡಿಗೆ ಯಾರೂ ಸಿಗುವುದಿಲ್ಲ. ಇನ್ನು ಹನ್ನೆರಡು ವರ್ಷ! ಅಪಘಾತದಿಂದ ಕೊನೆಯ ತೀರ್ಪಿನ ತನಕ ಹನ್ನೆರಡು ವರ್ಷ ದಾಟಿತು. ಅಷ್ಟು ವರ್ಷ ಆ ಮನೆಯವರು ಹೇಗೆ ತೂಗಿಸಿರಬಹುದು ಅನ್ನುವುದಕ್ಕೆ ಬಡ್ಡಿ ಉತ್ತರವಾಗುವುದಿಲ್ಲ.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನಮ್ಮ ಆಫೀಸಿಗೆ ಬಂದ ಪ್ರತಿಯೊಬ್ಬರಿಗೂ ನಾನು ಹೇಳುವುದು ಅದನ್ನೇ. ಪರಿಹಾರ ಸಿಗುವುದು ಒಂದೇ ಸಲ. ಹತ್ತು ವರ್ಷದ ಮೇಲೆ ಖರ್ಚು ಜಾಸ್ತಿಯಾಯಿತು, ಫಿಟ್ಸ್ ಶುರುವಾಯಿತು, ಇನ್ನಷ್ಟು ಕೊಡಿ ಅಂತ ಮತ್ತೆ ಕೋರ್ಟಿಗೆ ಹೋಗಲು ಆಗುವುದಿಲ್ಲ. ಅದಕ್ಕೇ ನ್ಯಾಯಮಂಡಳಿಗಳು ಇಂಥ ಪ್ರಕರಣಗಳಲ್ಲಿ ಉದಾರವಾಗಿ ನೋಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಉದಾರವಾಗಿ ನೋಡಲು ನ್ಯಾಯಾಧೀಶರ ಮುಂದೆ ಏನಾದರೂ ಇರಬೇಕಲ್ಲ?

ಈಗ ನಮ್ಮ ಕಡೆಗೆ ಬರೋಣ. ತಲೆಪೆಟ್ಟಿನ ಕೇಸುಗಳು ಕೆಡುವುದು ಎರಡು ಮೂರು ಜಾಗದಲ್ಲಿ.

ಒಂದು, ಕಾಯುವುದು. "ಟ್ರೀಟ್‌ಮೆಂಟ್ ಎಲ್ಲಾ ಮುಗೀಲಿ, ಆಮೇಲೆ ಹಾಕೋಣ" ಅನ್ನುತ್ತಾರೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವಿನ ವಿಷಯ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ, ಆದರೂ ಅದನ್ನು ನಂಬಿಕೊಂಡು ಕೂರಬೇಡಿ. ಮೊದಲು ಅರ್ಜಿ ಹಾಕಿ, ಅಂಗವೈಕಲ್ಯದ ಪರೀಕ್ಷೆ ಆಮೇಲೆ ಮಾಡಿಸಿ. ಮಿದುಳು ಚೇತರಿಸಿಕೊಳ್ಳಲು ಸಮಯ ಬೇಕು, ಎಷ್ಟು ನಿಲ್ಲುತ್ತದೆ ಎಷ್ಟು ಹೋಗುತ್ತದೆ ಅನ್ನುವುದು ತಿಂಗಳುಗಳ ಮೇಲೆ ಗೊತ್ತಾಗುತ್ತದೆ. ಅರ್ಜಿಗೆ ಅಷ್ಟು ಕಾಯುವ ಅಗತ್ಯವಿಲ್ಲ. ಅಪಘಾತವಾದ ಊರಿನಲ್ಲೇ ಹಾಕಬೇಕು ಅಂತಲೂ ಇಲ್ಲ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಗಾಯಾಳುವಿಗೆ ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದರೆ, ಅಥವಾ ಮಗುವಾದರೆ, ಮನೆಯವರೊಬ್ಬರು ಅವರ ಪರವಾಗಿ ಸಹಿ ಮಾಡುತ್ತಾರೆ.

ಇನ್ನೊಂದು, ಅವಸರದ ರಾಜಿ. ಲೋಕ ಅದಾಲತ್ ಒಳ್ಳೆಯ ವ್ಯವಸ್ಥೆ, ಸಣ್ಣಪುಟ್ಟ ಗಾಯದ ಕೇಸುಗಳು ಅಲ್ಲಿ ಬೇಗ ಮುಗಿದು ದುಡ್ಡು ಕೈಗೆ ಬರುತ್ತದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ಆಸ್ಪತ್ರೆಯ ಸಾಲ ತಲೆ ಮೇಲೆ ಕೂತಿರುವಾಗ ನಾಲ್ಕು ಲಕ್ಷ ಅಂದರೆ ದೇವರು ಕೊಟ್ಟ ಹಾಗೆ ಕಾಣುತ್ತದೆ. ತಲೆಗೆ ಪೆಟ್ಟಾಗಿ ನಾಲ್ಕೇ ತಿಂಗಳಾಗಿದೆ, ಮನುಷ್ಯ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ ಅನ್ನುವ ಹೊತ್ತಿನಲ್ಲಿ ಸಹಿ ಹಾಕಬೇಡಿ. ಆ ಹರಿಯಾಣದ ಮನೆಯವರು 11 ಲಕ್ಷಕ್ಕೆ ಒಪ್ಪಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನ್ಯಾಯಮಂಡಳಿಯ ತೀರ್ಪು ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು, ಅದನ್ನು ನೆನಪಿಡಿ.

ಮೂರನೆಯದೇ ಜಾಸ್ತಿ ಸಿಕ್ಕು. ಸರ್ಟಿಫಿಕೇಟಿನ ಶೇಕಡಾ ಎಷ್ಟು ಅನ್ನುವುದಕ್ಕೆ ಎಲ್ಲರೂ ಜೋತುಬೀಳುತ್ತಾರೆ. 2010ರಲ್ಲಿ ಇದೇ ನ್ಯಾಯಮೂರ್ತಿ ರವೀಂದ್ರನ್ ಅವರು ಬರೆದ ಇನ್ನೊಂದು ತೀರ್ಪು ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಮೈಗೆ ಎಷ್ಟು ಶೇಕಡಾ ಊನವಾಯಿತು ಅನ್ನುವುದು ಬೇರೆ, ಆ ಊನದಿಂದ ಆ ಮನುಷ್ಯನ ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಬೇರೆ. ಅವನು ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಅಂತ ನೋಡಬೇಕು.

ನಮ್ಮ ಆಫೀಸಿಗೆ ಬಂದಿದ್ದ ಒಬ್ಬ ಅಡುಗೆ ಭಟ್ಟರ ವಿಷಯ ಹೇಳಿದರೆ ಇದು ಅರ್ಥವಾಗುತ್ತದೆ. ಬೈಕಿನಿಂದ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು. ಐದು ದಿನ ಆಸ್ಪತ್ರೆ, ಆಪರೇಷನ್ ಏನೂ ಇಲ್ಲ, ನಡೆಯುತ್ತಾರೆ, ಮಾತಾಡುತ್ತಾರೆ. ಎಲ್ಲಾ ಸರಿ ಇದೆ ಅಂತ ಕೆಲಸಕ್ಕೆ ಹೋದರು. ಹೋದ ವಾರದಲ್ಲೇ ಒಗ್ಗರಣೆ ಸೀದು ಕರಕಲಾಗುತ್ತಿದ್ದರೂ ಅವರಿಗೆ ಗೊತ್ತಾಗಲಿಲ್ಲ, ಪಕ್ಕದವರು ಓಡಿ ಬಂದು ಒಲೆ ಆರಿಸಿದರು. ಮೂಗಿಗೆ ವಾಸನೆಯೇ ಇಲ್ಲ. ತಲೆಗೆ ಪೆಟ್ಟಾದಾಗ ವಾಸನೆಯ ನರದ ಎಳೆಗಳು ಹರಿಯುವುದುಂಟು, ಎಷ್ಟೋ ಸಲ ಅದು ಮರಳಿ ಬರುವುದೇ ಇಲ್ಲ. ಸಾರಿನ ಪುಡಿ ಹುರಿದದ್ದು ಹದವಾಯಿತೋ ಇಲ್ಲವೋ ಅಂತ ಮೂಗಿನಿಂದಲೇ ಹೇಳುತ್ತಿದ್ದ ಮನುಷ್ಯ, ಈಗ ಪಾತ್ರೆ ಮುಂದೆ ಸುಮ್ನೆ ನಿಂತಿರುತ್ತಾರೆ. ಸರ್ಟಿಫಿಕೇಟಿನಲ್ಲಿ ಶೇಕಡಾ ಏನು ಬರುತ್ತದೆ? ತೀರಾ ಕಡಿಮೆ. ಅವರ ಕಸುಬಿನಲ್ಲಿ ಹೋದದ್ದು ಎಷ್ಟು? ನೀವೇ ಹೇಳಿ.

ಇಂಥವರಿಗೆ ಬರೀ ಸಿಟಿ ಸ್ಕ್ಯಾನ್ ಸಾಕಾಗುವುದಿಲ್ಲ. ನೆನಪು, ಗಮನ, ಲೆಕ್ಕ, ಸಿಟ್ಟಿನ ಮೇಲಿನ ಹಿಡಿತ ಇವನ್ನೆಲ್ಲ ಅಳೆಯುವ ಪರೀಕ್ಷೆಗಳಿವೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾಡುತ್ತಾರೆ. ಸೌಮ್ಯವಾಗಿದ್ದ ಗಂಡ ಈಗ ತಟ್ಟೆ ಎಸೆಯುತ್ತಾನೆ, ಹೇಳಿದ್ದನ್ನೇ ಹತ್ತು ಸಲ ಕೇಳುತ್ತಾನೆ ಅನ್ನುವುದು ಹೆಂಡತಿ ಅತ್ತುಕೊಂಡು ಹೇಳುವ ಮಾತಾಗಿ ಉಳಿಯಬಾರದು, ವರದಿಯಲ್ಲಿ ಬರಬೇಕು. ವರದಿ ಬರೆದ ಡಾಕ್ಟರ್ ಬಂದು ಸಾಕ್ಷಿ ಹೇಳಬೇಕು. ಹರಿಯಾಣದ ಕೇಸಿನಲ್ಲಿ "ಒಂಬತ್ತು ತಿಂಗಳ ಮಗು" ಅನ್ನುವ ಮಾತು ಪಿಜಿಐ ವರದಿಯಲ್ಲಿ ಇಲ್ಲದಿದ್ದರೆ ತೀರ್ಪಿನಲ್ಲಿ ಎಲ್ಲಿಂದ ಬರುತ್ತಿತ್ತು?

ಆ ತೀರ್ಪು ಈಗಲೂ ಕೆಲಸ ಮಾಡುತ್ತಿದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇನ್ನೊಂದು ಹುಡುಗಿಯ ಪ್ರಕರಣ ಬಂತು. 2009ರಲ್ಲಿ ಏಳು ವರ್ಷದವಳಿದ್ದಾಗ ಅಪಘಾತವಾಗಿ ಬುದ್ಧಿ ಬೆಳವಣಿಗೆ ಕುಂಠಿತವಾಗಿತ್ತು, ಶೇ. 75 ಅಂಗವೈಕಲ್ಯ. ಹೈಕೋರ್ಟ್ ಕೊಟ್ಟದ್ದು ಹನ್ನೊಂದೂವರೆ ಲಕ್ಷ. ಹರಿಯಾಣದ ಹುಡುಗಿಯ ತೀರ್ಪಿನ ದಾರಿಯಲ್ಲೇ ಲೆಕ್ಕ ಹಾಕಿ ಅದನ್ನು 50,87,000 ಮಾಡಿದರು.

ಗಾಡಿ ಗುದ್ದಿ ಓಡಿಹೋಗಿ ಯಾರು ಅಂತ ಗೊತ್ತಾಗದಿದ್ದರೆ ಸಿಗುವುದು ತುಂಬಾ ಕಡಿಮೆ, ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಹಾಗಾಗಿ ಗಾಡಿ ನಂಬರ್ ಯಾರಾದರೂ ನೋಡಿದರಾ, ಹತ್ತಿರದ ಅಂಗಡಿಯಲ್ಲಿ ಕ್ಯಾಮೆರಾ ಇದೆಯಾ ಅಂತ ಮೊದಲ ದಿನವೇ ವಿಚಾರಿಸಿ. 2025ರ ಮೇನಲ್ಲಿ ಬಂದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ, ಒಂದೂವರೆ ಲಕ್ಷದ ತನಕ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ. ತಲೆಪೆಟ್ಟಿನಲ್ಲಿ ಮೊದಲ ಗಂಟೆಗಳು ಎಷ್ಟು ಮುಖ್ಯ ಅಂತ ಮೇಲೆ ಹೇಳಿದೆನಲ್ಲ.

ಬಿಲ್ಲುಗಳ ಜೊತೆಗೆ ಮನೆಯವರಿಗೆ ನಾನು ಇನ್ನೊಂದು ಕೆಲಸ ಹೇಳುತ್ತೇನೆ. ಒಂದು ನೋಟ್‌ಬುಕ್ ಇಟ್ಟು ದಿನಾ ನಾಲ್ಕು ಸಾಲು ಬರೆಯಿರಿ ಅಂತ. ಇದನ್ನು ನನಗೆ ಕಲಿಸಿದ್ದು ಒಬ್ಬ ತಾಯಿ. ಆಕೆಯ ಮಗನಿಗೆ ಇಪ್ಪತ್ತು ವರ್ಷ, ಹಾಸಿಗೆ ಹಿಡಿದಿದ್ದ. ಆಕೆ ಫೈಲ್ ಜೊತೆ ಅಂಚು ಹರಿದ ಒಂದು ನೂರು ಪುಟದ ನೋಟ್‌ಬುಕ್ ತಂದಿದ್ದರು. ಒಳಗೆ ಪುಟಗಟ್ಟಲೆ ಗೆರೆ ಎಳೆದು, 10 ಎಡ, 12 ಬಲ, 2 ಬೆನ್ನು, 4 ಎಡ ಅಂತ ಬರೆದಿತ್ತು. ನಡುನಡುವೆ "ಫಿಟ್ಸ್ ಬಂತು", "ಗಂಜಿ ಕಕ್ಕಿದ", "ಇವತ್ತು ಅಮ್ಮಾ ಅಂದ". ವಕೀಲರು ಅದನ್ನು ದಾಖಲೆಯಾಗಿ ಹಾಜರು ಮಾಡಿದರು, ನಿಶಾನೆ ಹಾಕಿಸಿದರು.

ಪಾಟೀಸವಾಲಿನ ದಿನ ಇನ್ಶೂರೆನ್ಸ್ ಕಡೆಯ ವಕೀಲರು ಆ ನೋಟ್‌ಬುಕ್ ಎತ್ತಿ ಹಿಡಿದು ಕೇಳಿದರು, "ಇದೆಲ್ಲಾ ಕೇಸಿಗೋಸ್ಕರ ಬರೆದಿರೋದು, ಅಲ್ವಾ ಅಮ್ಮಾ?"

"ಇಲ್ಲ ಸ್ವಾಮಿ," ಅಂದರು ಆಕೆ. "ನಿದ್ದೆಗಣ್ಣಲ್ಲಿ ಯಾವ ಮಗ್ಗುಲಿಗೆ ಮಲಗಿಸಿದ್ದೆ ಅಂತ ನನಗೇ ಮರೆತು ಹೋಗ್ತಿತ್ತು. ಅದಕ್ಕೆ ಬರೆದೆ."